ಜೋಡಿ ಹಿಡಿಸಿದ ಅಕ್ಕೋರು

ಅಕ್ಕೋರು ಮಕ್ಕಳ ಮುಂದೆ ಕುಕ್ಕರಗಾಲಲ್ಲಿ ಕೂತಾಗ ಅವರ ಮೊಣಕಾಲು ಲಟಕ್ಕೆಂದು ಸದ್ದು ಮಾಡುತ್ತಿತ್ತು. ಒಂದನೇ ತರಗತಿಯವರು ಅದಕ್ಕಾಗಿಯೇ ಕಾದಿದ್ದು ನಗುತ್ತಿದ್ದರು. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ ಹೆಂಗಸು. ಆದರೂ ಚಿಕ್ಕವರ ಜೊತೆ ಅವರು ನಿಂತು ಮಾತಾಡಿದ್ದನ್ನು ನಾನು ಕಂಡಿಲ್ಲ. ನಮ್ಮೂರ ಸರ್ಕಾರಿ ಶಾಲೆಗೆ ಅವರೇ ಮುಖ್ಯಶಿಕ್ಷಕಿ.

ಎಂ.ಕಾಂ. ಮುಗಿಸಿ ಹಾರೂಗೇರಿಯಲ್ಲಿ ನೌಕರಿ ಮಾಡುತ್ತಿದ್ದ ನಾನು ಮಗಳಿಗಾಗಿ ಆ ಶಾಲೆ ನೋಡಲು ಹೊರಟಾಗ ನೆಗೆಣ್ಣಿ, ನನ್ನ ಮೈದುನನ ಹೆಂಡತಿ, ನಕ್ಕಳು. ಅವಳ ಮಕ್ಕಳು ಹಳದಿ ವ್ಯಾನಿನಲ್ಲಿ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದರು. "ಇಷ್ಟ ಕಲತು ಮಗಳಿಗೆ ಪುಕ್ಕಟ ಸಾಲಿ ಹುಡಕಾಕತ್ತೀಯೇನ ಯಕ್ಕಾ?"

ಶಾಲೆಯಲ್ಲಿ ನಾನು ಇಂಗ್ಲಿಷಿನ ಬಗ್ಗೆ, ಕಂಪ್ಯೂಟರಿನ ಬಗ್ಗೆ ಕೇಳಿದೆ. ಅಕ್ಕೋರು ಎಲ್ಲವನ್ನೂ ಕೇಳಿಸಿಕೊಂಡರು.

"ಅದೆಲ್ಲಾ ಹೇಳ್ತೀನ್ರಿ. ಮದಲ ಊಟದ ಸುಟ್ಟಿ ಮುಗಿಯೂ ಮಟಾ ಈ ಕಟ್ಟಿ ಮ್ಯಾಲ ಕುಂದರ್ರಿ. ನಾ ಒಳಗ ಹೋಗ್ತೀನಿ. ನಾ ಇದ್ರ ಹುಡುಗೂರು ಶಾಣ್ಯಾ ಆಗ್ತಾವ."

ಕೂತೆ. ಜಗಳವಿತ್ತು, ನಲ್ಲಿಯ ಹತ್ತಿರ ಇಬ್ಬರು ಒಬ್ಬರ ಅಂಗಿ ಒಬ್ಬರು ಹಿಡಿದಿದ್ದರು. ಆದರೆ ಸುತ್ತ ನಿಂತವರು ಚಪ್ಪಾಳೆ ತಟ್ಟಲಿಲ್ಲ, ಬಿಡಿಸಿದರು. ಕನ್ನಡ ಬಾರದ ಹೊಸ ಹುಡುಗಿಯೊಬ್ಬಳು ಅನ್ನ ಚೆಲ್ಲಿಕೊಂಡಳು. ಪಕ್ಕದವಳು ಮರಾಠಿಯಲ್ಲಿ ಬೈಯುತ್ತಲೇ ತನ್ನ ತಾಟಿನಿಂದ ಅವಳ ತಾಟಿಗೆ ಸುರಿದಳು. ಮರುದಿನವೇ ಮಗಳ ಹೆಸರು ಹಚ್ಚಿಸಿದೆ.

ನಮ್ಮ ಕಡೆ ಕಬ್ಬಿನ ಹಂಗಾಮು ಬಂತೆಂದರೆ ಟ್ರೇಲರುಗಳ ಹಿಂದೆ ಓಡಿ ಕಬ್ಬು ಎಳೆಯುವುದು ಮಕ್ಕಳಿಗೆ ಆಟ. ನನ್ನ ತವರು ಕಬ್ಬೂರಿನಲ್ಲಿ ನಾವೂ ಎಳೆದವರೇ. ಈ ಶಾಲೆಯ ಮುಂದೆಯೇ ರಸ್ತೆ. ಅದಕ್ಕೆ ಅಕ್ಕೋರು ಒಂದೊಂದು ಸಣ್ಣ ಮಗುವಿಗೆ ದೊಡ್ಡ ತರಗತಿಯ ಒಬ್ಬರನ್ನು ಜೋಡಿ ಮಾಡಿದ್ದರು. ಟ್ರ್ಯಾಕ್ಟರಿನ ಸದ್ದು ಬಂದ ಕೂಡಲೇ ದೊಡ್ಡವರು ತಮ್ಮ ಜೋಡಿಯ ಕೈ ಹಿಡಿದು ಇದ್ದಲ್ಲೇ ಕೂರಬೇಕು. ಮಕ್ಕಳಿಗೆ ಅದೂ ಒಂದು ಆಟವಾಗಿತ್ತು.

ಒಂದು ಸಂಜೆ ಮಗಳನ್ನು ಕರೆಯಲು ಹೋಗಿ ರಸ್ತೆಯ ಈಚೆ ನಿಂತಿದ್ದೆ. ಎರಡು ಟ್ರೇಲರಿನ ಟ್ರ್ಯಾಕ್ಟರ್ ಬಂತು. ಗೇಟಿನ ಎದುರು ಮುಂದಿನ ಟ್ರೇಲರಿನಿಂದ ಒಂದು ಕಬ್ಬು ಜಾರಿ ಬಿತ್ತು. ಮಗಳು ಅದರ ಮೇಲೇ ಕಣ್ಣಿಟ್ಟು ಗೇಟಿನಿಂದ ಜಿಗಿದಳು. ಹಿಂದಿನ ಟ್ರೇಲರ್ ನಡುವೆ ಬಂದು ಅವಳನ್ನು ಮರೆಮಾಡಿತು. ಆ ಗಾಲಿಗಳು ಈಗಲೂ ನನ್ನ ಕಣ್ಣ ಮುಂದೆ ಉರುಳುತ್ತವೆ, ದಾಟುವುದೇ ಇಲ್ಲ.

ಅದು ದಾಟಿತು. ಕಬ್ಬು ಜಜ್ಜಿ ಹೋಗಿತ್ತು. ಆಚೆ ಧೂಳಿನಲ್ಲಿ ಮಗಳು ಕೂತಿದ್ದಳು. ಅವಳ ಚೀಲದ ಪಟ್ಟಿ ಆರನೇ ತರಗತಿಯ ಅವಳ ಜೋಡಿಯ ಮುಷ್ಟಿಯಲ್ಲಿತ್ತು. ಆ ಹುಡುಗಿಯ ಮೊಣಕೈಯಿಂದ ರಕ್ತ ಬರುತ್ತಿತ್ತು.

"ಏ ಗಿಡ್ಡಿ, ಕಬ್ಬು ನಾಳೆನೂ ಬರತೈತಿ. ನೀ ಬರತೀಯೇನ?" ಎಂದು ಆ ಹುಡುಗಿ ಬೈದಳು.

ಅಕ್ಕೋರು ಓಡಿ ಬಂದು ಇಬ್ಬರ ಮುಂದೆ ಕೂತರು. ಹೊಡೆಯಲಿಲ್ಲ, ಗದರಲಿಲ್ಲ. "ನಿನ್ನ ಜೋಡಿಗೆ ಗಾಯ ಆಗೈತಿ. ಏನ್ ಮಾಡ್ತಿ?" ಎಂದು ಮಗಳನ್ನು ಕೇಳಿದರು. ಅವಳು ಅಳುತ್ತಲೇ ತನ್ನ ಬಾಟಲಿಯ ನೀರಿನಿಂದ ಆ ಮೊಣಕೈ ತೊಳೆದಳು.

ನೆಗೆಣ್ಣಿ ರಾತ್ರಿಯೇ ವ್ಯಾನಿನವನ ನಂಬರ್ ಕೊಟ್ಟಳು. ಶಾಲೆ ಬಿಡಿಸುವುದೆಂದು ನಿಶ್ಚಯಿಸಿಯೇ ಬೆಳಿಗ್ಗೆ ಮಗಳೊಂದಿಗೆ ಹೋದೆ. ಅಕ್ಕೋರು ರಸ್ತೆಯ ನಡುವೆ ನಿಂತು, ಕೈಯೆತ್ತಿ ಟ್ರ್ಯಾಕ್ಟರ್ ನಿಲ್ಲಿಸಿ, ಮಕ್ಕಳನ್ನು ದಾಟಿಸುತ್ತಿದ್ದರು. ಇಷ್ಟು ದಿನ ಗೇಟಿನ ಒಳಗೆ ನಿಲ್ಲುತ್ತಿದ್ದವರು.

"ಬಿಡಿಸ್ತೀರೇನ್ರಿ?" ಅವರೇ ಕೇಳಿದರು. "ಬಿಡಸ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಹೋದಲ್ಲಿ ಒಂದ್ ನೋಡ್ರಿ, ನಿಮ್ಮ ಕೂಸು ಬಿದ್ರ ಯಾರ್ ನಗತಾರ, ಯಾರ್ ಎಬ್ಬಸ್ತಾರ ಅಂತ."

ಮಗಳೆಲ್ಲಿ ಎಂದು ತಿರುಗಿ ನೋಡಿದೆ. ಮೊಣಕೈಗೆ ಪಟ್ಟಿ ಸುತ್ತಿಕೊಂಡ ಆ ಹುಡುಗಿ ಆಗಲೇ ನನ್ನ ಮಗಳನ್ನು ಒಳಗೆ ಕರೆದೊಯ್ದಿದ್ದಳು. ನಾನು ಬಸ್ ಹಿಡಿದು ಕೆಲಸಕ್ಕೆ ಹೋದೆ. ಶಾಲೆ ಬಿಡಿಸದ ಆ ನಿರ್ಧಾರದ ಬಗ್ಗೆ ನನಗೆ ಇಂದಿಗೂ ಅನುಮಾನವಿಲ್ಲ.

ನಿವೃತ್ತಿಯಾದ ಕೆಲವು ವರ್ಷಗಳಿಗೆ, ಕಳೆದ ಶ್ರಾವಣದಲ್ಲಿ ಅಕ್ಕೋರು ತೀರಿಕೊಂಡರು. ಮಣ್ಣು ಕೊಡುವಾಗ ಮಗಳೂ ಬಂದಿದ್ದಳು. ಈಗ ಹೈಸ್ಕೂಲು, ಆ ಸಂಜೆ ಅವಳಿಗೆ ನೆನಪೇ ಇಲ್ಲ. ತನ್ನ ಸರದಿ ಬಂದಾಗ ಬಗ್ಗಿ, ಹಿಡಿ ಮಣ್ಣು ಹಾಕಿ, ಕೈ ಝಾಡಿಸಿಕೊಂಡಳು. ನಾನು ಆ ಕೈಯನ್ನು ಹಿಡಿದುಕೊಂಡು, ಮನೆ ಮುಟ್ಟುವವರೆಗೂ ಬಿಡಲಿಲ್ಲ.