ಯಾರ ಕಾರು ಮುಂದೆ

ನಂಜನಗೂಡಿನ ನನ್ನ ಫ್ಲೆಕ್ಸ್ ಅಂಗಡಿಯಲ್ಲಿ ಮನುಷ್ಯರ ಮುಖಕ್ಕಿಂತ ಕಾರಿನ ಕೆಲಸವೇ ಹೆಚ್ಚು. ಮದುವೆಯಿರಲಿ, ಹುಟ್ಟುಹಬ್ಬವಿರಲಿ, ಶುಭ ಕೋರುವವನ ಪಕ್ಕದಲ್ಲಿ ಅವನ ಕಾರು ನಿಲ್ಲಲೇಬೇಕು. ಕಾರಿಲ್ಲದವನು ಭಾವಮೈದನದ್ದನ್ನಾದರೂ ತಂದು ನಿಲ್ಲಿಸುತ್ತಾನೆ.

ಹಾಗಾಗಿ ನಾನೊಂದು ಶಿಸ್ತು ಮಾಡಿಕೊಂಡಿದ್ದೇನೆ. ಕಂಪ್ಯೂಟರಿನಲ್ಲಿ ಬಾಡಿ, ಗಾಜು, ಚಕ್ರ, ನೆಲದ ನೆರಳು, ಒಂದೊಂದಕ್ಕೂ ಬೇರೆ ಲೇಯರ್, ಅಂದರೆ ಒಂದರ ಮೇಲೊಂದು ಹಾಸುವ ಪದರ. ಒಂದು ಕಾರಿನದ್ದನ್ನೆಲ್ಲ ಒಂದೇ ಗ್ರೂಪಿಗೆ ಹಾಕಿ, ಮಾಲೀಕನ ಹೆಸರು ಕೊಟ್ಟುಬಿಡುತ್ತೇನೆ. ಮೇಲಿರುವ ಗ್ರೂಪು ಚಿತ್ರದಲ್ಲಿ ಮುಂದೆ, ಕೆಳಗಿರುವುದು ಹಿಂದೆ. ಯಾರನ್ನು ಮುಂದೆ ತರಬೇಕಾದರೂ ಮೌಸಿನಲ್ಲಿ ಒಂದು ಸಲ ಎಳೆದರೆ ಮುಗಿಯಿತು. ಅಷ್ಟು ಸುಲಭವಾದ ಕೆಲಸಕ್ಕೆ ನನ್ನ ಅಂಗಡಿಯಲ್ಲಿ ರಕ್ತ ಹರಿಯಿತು.

ಹೆಡತಲೆ ಊರಿನ ಕಡೆಯ ಅಣ್ಣತಮ್ಮಂದಿರಿಬ್ಬರು ತಂಗಿಯ ಮದುವೆಗೆ ಫ್ಲೆಕ್ಸ್ ಮಾಡಿಸಿದರು. ಅಣ್ಣನ ಹಳೆ ಜೀಪು ಮುಂದೆ, ತಮ್ಮನ ಹೊಸ ಬಿಳಿ ಕಾರು ಹಿಂದೆ ಎಂದು ಇಬ್ಬರೂ ಒಪ್ಪಿದ್ದರು. ಪ್ರಿಂಟಿಗೆ ಕೊಡುವ ಮುಂಚೆ ತಮ್ಮ ಒಬ್ಬನೇ ಬಂದ.

"ಅಣ್ಣ ಒಪ್ಕಂಡವ್ನೆ ಕಣಕ್ಕ, ನಂದು ಮುಂದಕ್ಕಾಕು."

ನಂಬಿ ಎಳೆದೆ. ಜೀಪಿನ ಅರ್ಧ ಮುಖ ಬಿಳಿ ಕಾರಿನ ಹಿಂದೆ ಹೋಯಿತು.

ಫ್ಲೆಕ್ಸ್ ಕಟ್ಟಿದ ದಿನವೇ ಅಣ್ಣ ಅದನ್ನು ಮಚ್ಚಿನಲ್ಲಿ ಸೀಳಿ, ಅದೇ ಮಚ್ಚು ಹಿಡಿದು ಅಂಗಡಿಗೆ ನುಗ್ಗಿದ. "ಯಾವನಮ್ಮ ನನ್ ಜೀಪ್ನ ಇಂದಕ್ಕಾಕ್ಸಿದ್ದು?" ಮೊದಲ ಏಟು ನನ್ನ ಮಾನಿಟರಿಗೆ ಬಿತ್ತು. ಅವನನ್ನು ತಡೆಯಲೆಂದು ಮದುಮಗಳೇ ತಮ್ಮನ ಜೊತೆ ಅವನ ಕಾರಿನಲ್ಲಿ ಹಿಂದೆಯೇ ಬಂದಿಳಿದಳು. ತಮ್ಮ ಬಂದವನೇ ಗೋಡೆಗೆ ಒರಗಿಸಿದ್ದ ಕಬ್ಬಿಣದ ಪೈಪು ಎತ್ತಿ ಅಣ್ಣನ ಮೊಣಕೈಗೆ ಬಾರಿಸಿದ. ಮಚ್ಚು ಕೆಳಗೆ ಬಿತ್ತು. ಅಣ್ಣ ತಲೆಯಿಂದಲೇ ಗುದ್ದಿ ತಮ್ಮನ ಮೂಗು ಒಡೆದ. "ಬುಡ್ರೋ, ನಿಮ್ ದಮ್ಮಯ್ಯ" ಎನ್ನುತ್ತ ಹುಡುಗಿ ನಡುವೆ ನುಗ್ಗಿದಳು. ಅಣ್ಣನಿಗೆಂದು ಬೀಸಿದ ಪೈಪು ಅವಳ ಕೆನ್ನೆಯನ್ನು ಸೀಳಿತು.

ಇನ್ನಾದರೂ ನಿಲ್ಲಿಸುತ್ತಾರೆಂದುಕೊಂಡೆ. ಆಸ್ಪತ್ರೆಗೆ ಯಾರ ಕಾರಿನಲ್ಲಿ ಕರೆದೊಯ್ಯಬೇಕೆಂದು ಮತ್ತೆ ಶುರುವಾಯಿತು! ಒಬ್ಬ ಈ ಕೈ ಹಿಡಿದು ಜೀಪಿನ ಕಡೆಗೆ ಎಳೆದ, ಇನ್ನೊಬ್ಬ ಆ ಕೈ ಹಿಡಿದು ಕಾರಿನ ಕಡೆಗೆ. ಅವಳ ಗಲ್ಲದಿಂದ ರಕ್ತ ತೊಟ್ಟಿಕ್ಕುತ್ತಿತ್ತು. ನನ್ನ ಪಿತ್ತ ನೆತ್ತಿಗೇರಿತು. ಬಿದ್ದಿದ್ದ ಮಚ್ಚನ್ನು ನಾನೇ ಎತ್ತಿಕೊಂಡೆ.

"ಬುಡ್ರಲೇ ಅವಳ್ನ! ಕೈ ಕತ್ತರಿಸ್ಬುಡ್ತೀನಿ ಇಬ್ಬರ್ದೂವೆ!"

ಬಿಟ್ಟರು. ಬಿಡದಿದ್ದರೆ ಕಡಿದೇಬಿಡುತ್ತಿದ್ದೆನೋ ಏನೋ, ಈಗಲೂ ಹೇಳಲಾರೆ. ಮಚ್ಚು ಎಸೆದು ಅವಳನ್ನು ಆಟೋ ಹತ್ತಿಸಿದೆ.

ಆಟೋದಲ್ಲಿ ಅವಳು ನನ್ನ ಸೆರಗನ್ನು ಕೆನ್ನೆಗೆ ಒತ್ತಿಕೊಂಡು ಕೂತಿದ್ದಳು. ಅಳಲಿಲ್ಲ.

"ಅಕ್ಕಾ, ಕಾರಿನ್ ಗೀರೆಲ್ಲ ಅಳಿಸ್ತೀರಂತಲ್ಲ. ಮದ್ವೆ ಫೋಟೋದಲ್ಲಿ ಇದ್ನೂವೆ ಮುಚ್ಬುಡಿ. ಕಂಡ್ರೆ ನಮ್ಮಣ್ಣಂದಿರಿಗೆ ಕೆಟ್ಟೆಸರು" ಎಂದಳು.

ಮುಖದ ಮೇಲೊಂದು ಲೇಯರ್ ಹಾಕಿ ಮುಚ್ಚುವುದು ನನಗೆ ಯಾವ ಮಹಾ ಕೆಲಸ? ಆದರೆ ಆ ಮಾತಿಗೆ ಬಂದಷ್ಟು ಸಿಟ್ಟು ಮಚ್ಚು ಹಿಡಿದಾಗಲೂ ಬಂದಿರಲಿಲ್ಲ.

"ಮುಚ್ಚಲ್ಲ ಕಣವ್ವ" ಎಂದೆ. "ನೋಡ್ಲಿ ಅವರಿಬ್ರೂವೆ. ದಿನಾ ನೋಡ್ಲಿ."