ಮುರಳೀಧರ ರಾಯರು ಇಡಿಸಿದ ಬಾಗಿಲು

ಚೆನ್ನೈಯಲ್ಲಿ ಕಚೇರಿಗಳ ಒಳವಿನ್ಯಾಸವೆಂಬುದು ಗುತ್ತಿಗೆದಾರರ ಪಾಲಿಗೆ ಬಿಟ್ಟ ಕೆಲಸವಾಗಿದ್ದ ಕಾಲದಲ್ಲಿ, ಅದೂ ಒಂದು ವಿದ್ಯೆಯೆಂದು ನಂಬಿ, ಇತರರನ್ನು ನಂಬಿಸಿ, ಆ ನಂಬಿಕೆಗಾಗಿ ಕಂಡಕಂಡವರೊಡನೆ ಜಗಳ ಕಾದವರು ಶ್ರೀ ಮುರಳೀಧರ ರಾಯರು. ಈ ತಿಂಗಳು ಅವರು ನಮ್ಮ ಸಂಸ್ಥೆಯಿಂದ ನಿವೃತ್ತರಾಗುತ್ತಿದ್ದಾರೆ. ಇಂಥ ಅಭಿನಂದನ ಗ್ರಂಥಗಳಲ್ಲಿ ‘ಶಾಂತಮೂರ್ತಿ’ ಎಂದು ಬರೆಯುವುದು ವಾಡಿಕೆ. ರಾಯರ ವಿಷಯದಲ್ಲಿ ಹಾಗೆ ಬರೆದರೆ ಮೊದಲು ನಗುವವರು ಅವರ ಪತ್ನಿ ಸುಗುಣಾ. “ಎಂತ ಮಾರಾಯ್ರೆ, ಉಣ್ಲಿಕ್ಕಾದ್ರೂ ಒಂದು ಕಡೆ ಕೂತ್ಕೊಳ್ಳಿ” ಎಂದು ಅವರು ಇಂದಿಗೂ ಗೊಣಗುತ್ತಲೇ ಇದ್ದಾರೆ.

ತಂದೆ ಉಡುಪಿಯ ಕಡೆಯಿಂದ ಬಂದು ತ್ರಿಪ್ಲಿಕೇನ್‌ನಲ್ಲಿ ನಡೆಸುತ್ತಿದ್ದ ಹೋಟೆಲಿನಲ್ಲಿ ಬೆಳೆದ ರಾಯರಿಗೆ, ಜನ ಎಲ್ಲಿ ಕೂರುತ್ತಾರೆ, ಯಾಕೆ ಎದ್ದು ಹೋಗುತ್ತಾರೆ ಎಂದು ಗಮನಿಸುವ ಚಟ ಅಲ್ಲಿಯೇ ಹತ್ತಿತು. ಅವರು ವೃತ್ತಿಗೆ ಬಂದಾಗ ಕುರ್ಚಿಯ ಬೆನ್ನು ಎತ್ತರವಿದ್ದಷ್ಟೂ ಹುದ್ದೆ ದೊಡ್ಡದು. ಸಾಹೇಬರಿಗೆ ಕ್ಯಾಬಿನ್, ಗುಮಾಸ್ತರಿಗೆ ಸಾಲು ಮೇಜು. ಆಮೇಲೆ ಎದೆಮಟ್ಟದ ಪಾರ್ಟಿಷನ್‌ಗಳು ಬಂದವು, ಅವೂ ಹೋಗಿ ಬಟಾಬಯಲು ಹಾಲ್‌ಗಳು ಬಂದವು. ಪ್ರತಿ ಬದಲಾವಣೆಗೂ ರಾಯರೇ ಮುಂದಾಳು, ಯಾವುದರಲ್ಲಿಯೂ ಅವರಿಗೆ ಸಮಾಧಾನವಿಲ್ಲ. ಚೆನ್ನೈ ಪಕ್ಕದ ಮಣಲಿಯ ಕಾರ್ಖಾನೆಯೊಂದರ ಕಚೇರಿಯಲ್ಲಿ, ಕಸ ಗುಡಿಸುವ ಹೆಂಗಸರು ಸೀರೆ ಬದಲಿಸುವ ಕೋಣೆಗೆ ಕಿಟಕಿಯೇ ಇಲ್ಲವೆಂದು ಮ್ಯಾನೇಜರರ ಕೋಣೆಯನ್ನು ಮೊಟಕು ಮಾಡಿ ಕಿಟಕಿ ಇಡಿಸಿದರು. ಮ್ಯಾನೇಜರರು ಮುಖ ಊದಿಸಿಕೊಂಡರೆ ರಾಯರು ಕ್ಯಾರೇ ಅನ್ನಲಿಲ್ಲ.

ಕೊರೊನಾ ಕಳೆದ ಮೇಲೆ ವಿಮಾ ಕಂಪನಿಯೊಂದು ತನ್ನ ಕಚೇರಿಯನ್ನು ಹೊಸ ರೀತಿಗೆ ಮಾರ್ಪಡಿಸಿಕೊಡಲು ಅವರನ್ನು ಕೇಳಿತು. ಅರ್ಧ ಜನ ಮನೆಯಲ್ಲಿ, ಅರ್ಧ ಜನ ಕಚೇರಿಯಲ್ಲಿ. ಯಾರಿಗೂ ಸ್ವಂತ ಮೇಜಿಲ್ಲ, ಬಂದವರು ಖಾಲಿ ಇದ್ದಲ್ಲಿ ಕೂರಬೇಕು. ರಾಯರು ಬಣ್ಣದ ಸೋಫಾ, ಕಾಫಿ ಕಟ್ಟೆ, ಆಟದ ಮೇಜು, ಫೋನಿಗೆಂದು ಗಾಜಿನ ಗೂಡುಗಳು ಎಲ್ಲವನ್ನೂ ಕೂಡಿಸಿ ಬಹು ಸೊಗಸಾದ ಹಾಲ್ ಕಟ್ಟಿಕೊಟ್ಟರು. ಪತ್ರಿಕೆಗಳಲ್ಲಿ ಫೋಟೋ ಬಂತು. ಇದೇ ನಕ್ಷೆಯಲ್ಲಿ ಉಳಿದ ಶಾಖೆಗಳನ್ನೂ ಮಾಡಿಕೊಡಿ ಎಂದಿತು ಕಂಪನಿ. ರಾಯರು ಒಂದು ಸಹಿ ಹಾಕಿದ್ದರೆ ಆಯಿತು, ಅದೇ ಅವರ ವೃತ್ತಿಜೀವನದ ಕಳಶವಾಗುತ್ತಿತ್ತು.

ಸಹಿ ಹಾಕುವ ಮೊದಲು, ಹೇಳದೆ ಕೇಳದೆ, ಅವರು ಒಂದು ಬೆಳಿಗ್ಗೆ ಆ ಹಾಲ್‌ಗೆ ಹೋದರು. ಗೂಡುಗಳೊಳಗೆ ಜನರಿರಲಿಲ್ಲ, ಕುರ್ಚಿಗಳ ಮೇಲೆ ಕರ್ಚೀಫುಗಳಿದ್ದವು! ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಮ್ಮ ಜನ ಇಲ್ಲಿಯೂ ಅದನ್ನೇ ಮಾಡಿದ್ದರು. ತಡವಾಗಿ ಬಂದವರು ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವವರ ಹಾಗೆ ಕೂತವರ ಬೆನ್ನ ಹಿಂದೆ ನಿಂತಿದ್ದರು. ರಾಯರಿಗೆ ಮೈಯೆಲ್ಲ ಉರಿಯಿತು. ಹೊರಗೆ ಬಂದರೆ ಮೆಟ್ಟಿಲಿನ ಕಡೆಯಿಂದ ಕನ್ನಡ ಕೇಳಿಸಿತು.

“ಅಳಿ ಅಮ್ಮಾ, ಪರವಾಗಿಲ್ಲ. ನಾನು ಫೋನ್ ಇಡಲ್ಲ.”

ಮೆಟ್ಟಿಲ ಮೇಲೆ ಕೂತಿದ್ದವರು ಮಂಡ್ಯದ ಕಡೆಯ ತನುಶ್ರೀ. ಪಾಲಿಸಿದಾರರು ತೀರಿಕೊಂಡಾಗ ಕರ್ನಾಟಕದ ಮನೆಯವರೊಡನೆ ಮಾತಾಡುವುದು ಅವರ ಕೆಲಸ. ರಾಯರು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಫೋನು ಮುಗಿದ ಮೇಲೆ, ಇಲ್ಲೇಕೆ ಕೂತಿದ್ದೀರೆಂದು ರಾಯರು ಕೇಳಿದರು.

“ಮೊನ್ನೆ ಒಳಗೆ ಕೂತಿದ್ದೆ ಸಾರ್. ಗಂಡ ಸತ್ತ ಹೆಂಗಸು ಫೋನಲ್ಲಿ ಅಳ್ತಾ ಇದ್ರು. ಪಕ್ಕದ ಆಟದ ಮೇಜಲ್ಲಿ ಯಾರೋ ಗೆದ್ದು ಹೋ ಅಂತ ಕೂಗಿದ್ರು. ಆಯಮ್ಮ, ‘ನಗ್ತಿದ್ದೀರೇನ್ರಿ’ ಅಂತ ಕೇಳಿ ಫೋನ್ ಇಟ್ಟೇಬಿಟ್ರು. ಈ ಹಾಲ್ ಮಾಡಿದ ಪುಣ್ಯಾತ್ಮ ಸಿಕ್ಕಿದ್ರೆ ಕೇಳ್ತೀನಿ, ಸತ್ತೋರ ಮನೆಯವರ ಹತ್ರ ಎಲ್ಲಿ ಕೂತು ಮಾತಾಡ್ಲಿ ಅಂತ. ಈ ತಿಂಗಳು ನೋಡ್ತೀನಿ, ಆಮೇಲೆ ಕೆಲಸ ಬಿಡ್ತೀನಿ.”

“ನಾನೇ ಅಮ್ಮಾ ಅದು ಮಾಡಿದ್ದು” ಎಂದರು ರಾಯರು.

ಅಂದೇ ಅವರು ಸಹಿ ಹಾಕುವುದಿಲ್ಲವೆಂದು ಪಟ್ಟು ಹಿಡಿದರು. ನಮ್ಮ ಸಂಸ್ಥೆಯ ಪಾಲುದಾರ ಸುಕೇಶ್ ಕೈಮುಗಿದರು. “ಎದುಕ್ಕು ಸಾರ್ ವಂಬು? ಸುಮ್ಮನೆ ಯಾಕೆ ತಕರಾರು? ನಿವೃತ್ತಿಗೆ ಇನ್ನು ಆರು ತಿಂಗಳು ಉಂಟು, ಅಷ್ಟೇ. ಸಹಿ ಹಾಕಿ, ಹಾರ ಹಾಕಿಸಿಕೊಂಡು ಮನೆಗೆ ಹೋಗಿ.”

“ಹಾರ ನಿಮ್ಮ ಹತ್ರವೇ ಇರಲಿ” ಎಂದು ರಾಯರು ನೇರವಾಗಿ ಕಂಪನಿಯ ಹಿರಿಯರ ಬಳಿ ಹೋದರು. ನನ್ನ ನಕ್ಷೆ ತಪ್ಪು, ಆಟದ ಮೇಜು ಎತ್ತಿಸಿ, ಅಲ್ಲಿ ಬಾಗಿಲಿರುವ ಕೋಣೆ ಮಾಡಿ, ಅದು ತನುಶ್ರೀಯವರದ್ದೇ ಆಗಿರಲಿ ಎಂದರು. ಹೊಗಳಿಕೆ ಬಂದ ಕೃತಿಯನ್ನು ತಾವಾಗಿಯೇ ತಪ್ಪೆಂದವರನ್ನು ಆ ಹಿರಿಯರು ಈ ಮೊದಲು ಕಂಡಿರಲಿಲ್ಲ. ಚೆನ್ನೈ ಕಚೇರಿಯ ಮಟ್ಟಿಗೆ ಒಪ್ಪಿದರು. ಶಾಖೆಗಳ ಕೆಲಸವನ್ನು ಮಾತ್ರ ನಮ್ಮಿಂದ ಕಿತ್ತುಕೊಂಡು, ಅದೇ ಹಳೆಯ ನಕ್ಷೆಯಂತೆ ಮಾಡಿಕೊಡಲು ಬೇರೆಯವರಿಗೆ ಒಪ್ಪಿಸಿದರು. ಸುಕೇಶ್ ಎರಡು ದಿನ ರಾಯರೊಡನೆ ಮಾತು ಬಿಟ್ಟಿದ್ದರು. ನಮಗೂ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಬೇಕು.

ಈ ಗ್ರಂಥಕ್ಕೆ ನಾಲ್ಕು ಮಾತು ಬರೆದುಕೊಡಿರೆಂದು ಕೇಳಲು ಮೊನ್ನೆ ನಾವು ತನುಶ್ರೀಯವರಲ್ಲಿಗೆ ಹೋದೆವು. ಹೊಸ ಕೋಣೆಯ ಬಾಗಿಲು ಹಾಕಿತ್ತು. ಗಾಜಿನ ಕಿಂಡಿಯಲ್ಲಿ ನೋಡಿದರೆ ಫೋನು ಕಿವಿಗೆ ಹಿಡಿದು, ತಲೆ ತಗ್ಗಿಸಿ, ಏನೂ ಮಾತಾಡದೆ ಕೇಳುತ್ತಿದ್ದರು. ನಾವು ಬಾಗಿಲು ತಟ್ಟದೆ ಹಿಂದಿರುಗಿದೆವು. ಆದ್ದರಿಂದ ಅವರ ಲೇಖನ ಈ ಗ್ರಂಥದಲ್ಲಿಲ್ಲ.

ರಾಯರಿಗೆ ಇದನ್ನು ಹೇಳಿದಾಗ ಅವರ ಕಣ್ಣು ತುಂಬಿತು. ಮರುಕ್ಷಣವೇ, “ಹಳೇ ನಕ್ಷೆಯಲ್ಲೇ ಹುಬ್ಬಳ್ಳಿಯ ಶಾಖೆ ಮುಗೀತಂತೆ. ರೈಲು ಎಷ್ಟು ಗಂಟೆಗೆ ಉಂಟು?” ಎಂದರು. ಭಗವಂತನು ಅವರಿಗೆ ದೀರ್ಘಾಯುಷ್ಯವನ್ನೂ ಆರೋಗ್ಯವನ್ನೂ ಧಾರಾಳವಾಗಿ ಕರುಣಿಸಲಿ. ವಿಶ್ರಾಂತಿಯನ್ನು ಮಾತ್ರ ಸದ್ಯಕ್ಕೆ ಕೊಡದಿರಲಿ. ಹುಬ್ಬಳ್ಳಿಯ ಆ ಕಚೇರಿಯ ಮೆಟ್ಟಿಲ ಮೇಲೂ ಈಗ ಯಾರೋ ಫೋನು ಹಿಡಿದು ಕೂತಿರಬೇಕು.