ವರ್ಡಿಯ ಸೊನ್ನೆ ಒಂದು

ಕೆಂಟಕಿಯ ಗಣಿ ಊರು ಕೇನಿ ಫೋರ್ಕ್‌ನ ಔಷಧ ಅಂಗಡಿಯಲ್ಲಿ ಬಿಲ್ಲು ಹಾಕುವವಳು ಲೂರೀನ್ ಸ್ಟಿಡಮ್. ವಿಮೆ ಕಾರ್ಡನ್ನು ಅವಳು ಲಕೋಟೆಯ ಮೇಲಿನ ವಿಳಾಸದಂತೆ ಓದುತ್ತಾಳೆ. ‘ಬಿನ್’ ಎಂಬ ಅಂಕಿ ಬಿಲ್ಲು ಹೋಗಬೇಕಾದ ಊರು, ‘ಪಿಸಿಎನ್’ ಬೀದಿ, ‘ಗ್ರೂಪ್’ ವಠಾರ, ಸದಸ್ಯ ಸಂಖ್ಯೆ ಮನೆ. ಕೊನೆಯ ಎರಡಂಕಿ ಆ ಮನೆಯಲ್ಲಿ ಯಾರು ಎಂಬುದಕ್ಕೆ: ಸೊನ್ನೆ ಒಂದು ಕಾರ್ಡಿನ ಯಜಮಾನ, ಸೊನ್ನೆ ಎರಡು ಹೆಂಡತಿ, ಆಮೇಲೆ ಮಕ್ಕಳು.

ಹಣ ಬರುವುದಿಲ್ಲವೆಂದು ಕಂಪ್ಯೂಟರ್ ಹೇಳಿದರೆ ಲೂರೀನ್ ಅಲ್ಲಿಗೇ ನಿಲ್ಲುವುದಿಲ್ಲ. “ಇಲ್ಲ ಅನ್ನೋದು ಅದರ ಕೆಲಸ. ಯಾಕಿಲ್ಲ ಅಂತ ಕೇಳೋದು ನನ್ನದು,” ಎನ್ನುತ್ತಾಳೆ.

ಆ ಶುಕ್ರವಾರ ಸಂಜೆ ವರ್ಡಿ ಕೋಂಬ್ಸ್ ಇನ್ಸುಲಿನ್‌ಗೆ ಬಂದಳು. ಗಂಡ ಹೋಬರ್ಟ್, ಗಣಿ ಕೆಲಸದಿಂದ ನಿವೃತ್ತನಾದವನು, ವಸಂತದಲ್ಲಿ ತೀರಿಕೊಂಡಿದ್ದ. ಅವಳು ಕೊಟ್ಟಿದ್ದು ಅವನ ಕಾರ್ಡನ್ನೇ. ಸದಸ್ಯತ್ವ ಮುಗಿದಿದೆ ಎಂದಿತು ಕಂಪ್ಯೂಟರ್.

“ಬೆಳಿಗ್ಗೆ ಚುಚ್ಚಿಕೊಂಡಿದ್ದೇ ಕೊನೇದು ಕಣೇ ಲೂರೀನ್. ರಾತ್ರಿಗೆ ಇಲ್ಲ.”

“ನಿಮಗೆ ಹೊಸ ಕಾರ್ಡ್ ಬಂದಿರಬೇಕಲ್ಲ, ಮಿಸ್ ವರ್ಡಿ?” ಮದುವೆಯಾದ ಹಿರಿಯರನ್ನೂ ಆ ಊರಲ್ಲಿ ಗೌರವಕ್ಕೆ ‘ಮಿಸ್’ ಎಂದೇ ಕರೆಯುತ್ತಾರೆ.

“ಯಾವುದೋ ಬಂತು. ಅದರಲ್ಲಿ ಹೋಬರ್ಟ್ ಹೆಸರೇ ಇಲ್ಲ. ಯಾರದೋ ಜಾಹೀರಾತು ಅಂದ್ಕೊಂಡೆ.”

“ಎಲ್ಲಿಟ್ಟಿದೀರ?”

“ಸಿಂಕ್ ಪಕ್ಕ. ಬಾಣಲೆ ಕೆರೆಯೋಕೆ ಅಂಥಾದ್ದು ಇನ್ನೊಂದಿಲ್ಲ. ಅಂಕಿ ಎಲ್ಲಾ ಅಳಿಸಿಹೋಯ್ತು.”

ಲೂರೀನ್ ನಗಲಿಲ್ಲ. ವಿಮೆ ಕಚೇರಿ ಬಾಗಿಲು ಹಾಕುವ ಹೊತ್ತಾಗಿತ್ತು; ತಪ್ಪಿದರೆ ಮತ್ತೆ ಸೋಮವಾರವೇ. ಹೋಬರ್ಟ್‌ನ ಕಾರ್ಡಿನ ಹಿಂದಿದ್ದ ಸಂಖ್ಯೆಗೆ ಫೋನ್ ಮಾಡಿ, ರಿಸೀವರನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು, ಅವರು ಕೇಳಿಸುವ ಸಂಗೀತವನ್ನೆಲ್ಲ ಕೇಳುತ್ತ, ಬಂದವರಿಗೆ ಮಾತ್ರೆ ಕೊಡುತ್ತ ಕಾದಳು. ಕೊನೆಗೂ ಒಬ್ಬರು ಸಿಕ್ಕಿ, ವರ್ಡಿಯ ಹೊಸ ಕಾರ್ಡಿನ ಅಂಕಿಗಳನ್ನು ಓದಿ ಹೇಳಿದರು. ಊರೂ ಬೀದಿಯೂ ಹಳೆಯವೇ. ವಠಾರ, ಮನೆ ಎರಡೂ ಬದಲಾಗಿದ್ದವು. ಲೂರೀನ್ ಅಂಕಿಗಳನ್ನು ಒತ್ತಿದಳು. ಮತ್ತೆ ಇಲ್ಲ ಎಂದಿತು.

ಪರದೆಯನ್ನು ಒಂದು ಕ್ಷಣ ನೋಡಿ, ತನ್ನ ಹಣೆಗೆ ತಾನೇ ತಟ್ಟಿಕೊಂಡಳು.

“ತಪ್ಪು ನಂದೇ. ಅಭ್ಯಾಸಬಲ. ನಿಮ್ಮನ್ನ ಇನ್ನೂ ಸೊನ್ನೆ ಎರಡು ಅಂತಲೇ ಒತ್ತಿದೀನಿ. ಮಿಸ್ ವರ್ಡಿ, ಈಗ ಕಾರ್ಡ್ ನಿಮ್ಮದು. ನೀವು ಸೊನ್ನೆ ಒಂದು.”

ವರ್ಡಿ ಕೌಂಟರಿನ ಮೇಲಿದ್ದ ಹೋಬರ್ಟ್‌ನ ಕಾರ್ಡಿನತ್ತ ನೋಡಿದಳು. ಹಿಂದೆ ನಿಂತವರು ಯಾರೂ ಅವಸರ ಮಾಡಲಿಲ್ಲ.

“ಅವನು ಕೇಳಿಸ್ಕೊಂಡಿದ್ರೆ ಜಗಳಕ್ಕೆ ಬರ್ತಿದ್ದ,” ಎಂದಳು.

“ಗೆಲ್ತಿದ್ರಾ?”

“ಯಾವತ್ತಾದ್ರೂ ಸೋತಿದೀನಾ?”

ಈ ಸಲ ಬಿಲ್ಲು ಹೋಯಿತು. ಇನ್ಸುಲಿನ್ ಚೀಲವನ್ನು ಲೂರೀನ್ ಮುಂದಿಟ್ಟಳು. ಸತ್ತವರ ಕಾರ್ಡನ್ನು ಕತ್ತರಿಸಿ ಬುಟ್ಟಿಗೆ ಹಾಕುವುದು ಅಂಗಡಿಯ ರೂಢಿ. ಅವಳು ಕತ್ತರಿ ಮುಟ್ಟದೆ ಹೋಬರ್ಟ್‌ನ ಕಾರ್ಡನ್ನು ವರ್ಡಿಯ ಕೈಗೇ ಕೊಟ್ಟಳು.

“ಇನ್ನೊಂದು ಕಾರ್ಡ್ ಕಳಿಸ್ತಾರಂತೆ. ಅದನ್ನಾದ್ರೂ ಪರ್ಸಲ್ಲಿಡಿ. ಬಾಣಲೆಗೆ ಬೇರೆ ಏನಾದ್ರೂ ನೋಡ್ಕೊಳ್ಳಿ.”

ವರ್ಡಿ ಗಂಡನ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದಳು.

“ಬಾಣಲೆಗೆ ಇನ್ನು ಇವನೇ ಆಗಲಿ ಬಿಡು. ಬದುಕಿದ್ದಾಗ ಒಂದು ದಿನಾನೂ ಉಜ್ಜಿದವನಲ್ಲ.”